ಪದ ಪರಿಚಯ: ಗುಪ್ತೋಷ್ಣ

ತೆರೆದ ಪಾತ್ರೆಯಲ್ಲಿ ನೀರು ಕುದಿ ಹತ್ತಿದ ಮೇಲೆ ಉರಿ ಎಷ್ಟೇ ಜೋರು ಮಾಡಿದರೂ ಅದರ ತಾಪ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಆಮೇಲೆ ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಹೀಗೆ ಥರ್ಮಾಮೀಟರಿಗೆ ಸಿಗದೆ, ಸ್ಥಿತಿ ಬದಲಾಗುವಾಗ ಒಳಗೆ ಸೇರಿಕೊಳ್ಳುವ ಶಾಖವೇ ಗುಪ್ತೋಷ್ಣ. 1760ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಇದನ್ನು ಅಳೆದು ತೋರಿಸಿದರು.

ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲೊರಿ ಬೇಕು. ಆ ನೀರನ್ನು ಸೊನ್ನೆಯಿಂದ ನೂರು ಡಿಗ್ರಿಗೆ ಕಾಯಿಸಲು 100. ಅದೇ ನೀರು ಪೂರ್ತಿ ಆವಿಯಾಗಲು ಇನ್ನೂ 540! ಆವಿಯಾಗಲು ನೀರು ಕುದಿಯಲೇಬೇಕೆಂದೇನೂ ಇಲ್ಲ. ಹಗ್ಗದ ಮೇಲಿನ ಒದ್ದೆ ಬಟ್ಟೆ, ಕೆರೆ, ಎಲೆ, ಸಮುದ್ರ ಎಲ್ಲ ಕಡೆಯಿಂದಲೂ ನೀರು ಆರುತ್ತಲೇ ಇರುತ್ತದೆ, ಆಗಲೂ ಶಾಖ ತೆರಲೇಬೇಕು. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಆರಿದರೆ ಸುತ್ತಲಿನಿಂದ ಸುಮಾರು 2,450 ಕಿಲೋಜೂಲ್ ಹೀರುತ್ತದೆ. ವಿದ್ಯುತ್ ಲೆಕ್ಕದಲ್ಲಿ ಇದು 0.68 ಯೂನಿಟ್: ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ 40 ನಿಮಿಷ ಉರಿದಷ್ಟು.

ಈ ಲೆಕ್ಕವನ್ನು ಇಡೀ ಭೂಮಿಗೆ ಹಾಕಿ ನೋಡಿ. ಭೂಮಿಯ ಮೇಲೆ ವರ್ಷಕ್ಕೆ ಸರಾಸರಿ ಒಂದು ಮೀಟರಿನಷ್ಟು ಮಳೆ ಬೀಳುತ್ತದೆ. ಅಷ್ಟೂ ನೀರು ಮೊದಲು ಆವಿಯಾಗಿ ಮೇಲೇರಿರಬೇಕು. ಇದಕ್ಕೆ ತಗಲುವ ಶಾಖ ಪ್ರತಿ ಚದರ ಮೀಟರಿಗೆ ಸುಮಾರು 80 ವ್ಯಾಟ್. ನೆಲ ಮತ್ತು ಸಮುದ್ರ ಸೇರಿ ಹೀರುವ ಬಿಸಿಲು ಸರಾಸರಿ 160 ವ್ಯಾಟಿನ ಆಸುಪಾಸು. ಅಂದರೆ ಬಂದ ಶಾಖದ ಅರ್ಧವನ್ನು ನೀರೇ ಹೊತ್ತು ಮೇಲೆ ಸಾಗಿಸುತ್ತದೆ. ಕೆರೆ ಮುಚ್ಚಿ, ಮರ ಕಡಿದು, ಡಾಂಬರು ಹಾಕಿದ ಜಾಗದಲ್ಲಿ ಆವಿಯಾಗಲು ನೀರೇ ಇರುವುದಿಲ್ಲ. ಅದೇ ಬಿಸಿಲು ನೇರವಾಗಿ ನೆಲವನ್ನೂ ಗಾಳಿಯನ್ನೂ ಕಾಯಿಸುತ್ತದೆ. ನಗರಗಳ ಸೆಕೆಗೆ ಇದೊಂದು ದೊಡ್ಡ ಕಾರಣ, ನಾವೇ ತಂದುಕೊಂಡದ್ದು.

ಆವಿಯಾದಾಗ ಹೀರಿದ ಶಾಖ ನಾಶವಾಗುವುದಿಲ್ಲ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಆವಿ ಮೇಲೇರಿ ತಣಿದು ಹನಿಗಟ್ಟುವಾಗ ಅಷ್ಟನ್ನೂ ಅಲ್ಲಿಯ ಗಾಳಿಗೆ ವಾಪಸು ಕೊಡುತ್ತದೆ. ಒಣ ಗಾಳಿ ಮೇಲೇರುವಾಗ ಕಿಲೋಮೀಟರಿಗೆ 9.8 ಡಿಗ್ರಿ ತಣಿಯುತ್ತದೆ. ಮೋಡ ಕಟ್ಟುತ್ತಿರುವ ಗಾಳಿ ತಣಿಯುವುದು ನಾಲ್ಕರಿಂದ ಆರು ಡಿಗ್ರಿ ಮಾತ್ರ. ಹೀಗಾಗಿ ಅದು ಸುತ್ತಲಿನ ಗಾಳಿಗಿಂತ ಬೆಚ್ಚಗೆ, ಹಗುರವಾಗಿ ಉಳಿದು ಇನ್ನೂ ಮೇಲಕ್ಕೆ ನುಗ್ಗುತ್ತದೆ. ಗುಡುಗುಮೋಡಕ್ಕೆ ಆ ಎತ್ತರ ಬರುವುದು ಇದರಿಂದಲೇ. ಒಂದು ಚದರ ಕಿಲೋಮೀಟರಿನಲ್ಲಿ 100 ಮಿಲಿಮೀಟರ್ ಮಳೆಯಾದರೆ ಮೇಲೆ ಬಿಡುಗಡೆಯಾಗಿರುವುದು ಸುಮಾರು 6.8 ಕೋಟಿ ಯೂನಿಟ್ ಶಾಖ. ಆಗುಂಬೆಯಂಥ ಕಡೆ ಮಳೆಗಾಲದಲ್ಲಿ ಒಂದೇ ದಿನಕ್ಕೆ ಇಷ್ಟು ಮಳೆ ಬರುವುದುಂಟು. ಈ ಶಾಖ ಕೊನೆಗೆ ಎತ್ತರದಿಂದ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಕಿರಣಗಳಾಗಿ ಬಾಹ್ಯಾಕಾಶಕ್ಕೆ ಹೊರಡುತ್ತದೆ.

ಚಂಡಮಾರುತಕ್ಕೂ ಇದೇ ಇಂಧನ. ಅದು ಹುಟ್ಟಲು ಸಮುದ್ರದ ಮೇಲ್ಪದರ ಸಾಮಾನ್ಯವಾಗಿ 26.5 ಡಿಗ್ರಿಗಿಂತ ಬೆಚ್ಚಗಿರಬೇಕು. ನೆಲಕ್ಕೆ ಬಂದೊಡನೆ ಆವಿಯ ಪೂರೈಕೆ ನಿಲ್ಲುವುದರಿಂದ ಅದು ಸೊರಗುತ್ತದೆ. ಗಾಳಿಯ ತಾಪ ಒಂದು ಡಿಗ್ರಿ ಏರಿದರೆ ಅದು ಹಿಡಿಯಬಲ್ಲ ಆವಿ ಸುಮಾರು 7 ಶೇಕಡಾ ಹೆಚ್ಚುತ್ತದೆ, ಜತೆಗೆ ಅದರಲ್ಲಿ ಅಡಗಿದ ಶಾಖವೂ. ಭೂಮಿ ಬಿಸಿಯಾದಂತೆ ಸುರಿದರೆ ಒಮ್ಮೆಲೇ ಸುರಿಯುವ ಮಳೆಯ ಹಿಂದೆ ಈ ಲೆಕ್ಕವಿದೆ.

ಆವಿಯಾಗಿ ತಂಪು ಮಾಡುವ ಈ ಕೆಲಸ ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಕೆಡುತ್ತದೆ. 40 ಡಿಗ್ರಿ ಬಿಸಿಲು, 20 ಶೇಕಡಾ ತೇವಾಂಶವಿರುವ ಕಲಬುರಗಿಯ ಒಣ ಮಧ್ಯಾಹ್ನದಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ 23 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ, ಹಾಗಾಗಿ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. 33 ಡಿಗ್ರಿ, 75 ಶೇಕಡಾ ತೇವಾಂಶವಿರುವ ಮಂಗಳೂರಿನಲ್ಲಿ ಅದೇ ಥರ್ಮಾಮೀಟರ್ 29ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಲ್ಲಿ ಕೂಲರ್ ಹಚ್ಚಿದರೆ ಕೋಣೆಯ ತೇವ ಹೆಚ್ಚಿ ಸೆಕೆ ಇನ್ನೂ ಕಾಡುತ್ತದೆ, ಮೈಮೇಲಿನ ಬೆವರೂ ಆರುವುದಿಲ್ಲ.