ರೋಮಾ ಜನಕ್ಕೆ ಫ್ಲ್ಯಾಟ್ ಒಗ್ಗೋದಿಲ್ವಾ?

ಪ್ರಶ್ನೆ: ಸ್ಲೊವಾಕಿಯಾದ ಕೊಶಿತ್ಸೆ ನಗರದಲ್ಲಿ ಸರ್ಕಾರವೇ ಫ್ಲ್ಯಾಟ್ ಕೊಟ್ಟರೂ ರೋಮಾ (ಯುರೋಪಿನಲ್ಲಿ ‘ಜಿಪ್ಸಿ’ ಎಂದು ಕರೆಸಿಕೊಂಡವರು) ಜನ ಹಾಳು ಮಾಡಿಕೊಂಡಿದ್ದಾರಲ್ಲ, ಯಾಕೆ? ಅಲೆಮಾರಿಗಳಿಗೆ ಒಂದೇ ಕಡೆ ಇರೋದು ಕಷ್ಟವೇ?

ಕೊಶಿತ್ಸೆಯಲ್ಲಿ ರೋಮಾಗಳೇ ತುಂಬಿರುವ ಲೂನಿಕ್ 9 ಬಡಾವಣೆಯ ವಿಡಿಯೋ ವಾಟ್ಸಾಪಿನಲ್ಲಿ ಒಂದು ಸುತ್ತು ಬಂತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಗಾಜಿಲ್ಲದ ಕಿಟಕಿಗಳು, ಕೆಳಗೆ ಕಸದ ರಾಶಿ, ಹಿಂದೊಂದು ಹಾಡು. ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ಮೊದಲು ಆ ‘ಅಲೆಮಾರಿ’ ಮಾತು. ಎಷ್ಟು ಸಲ ಹೇಳಿದರೂ ಇದು ಸಾಯುವುದಿಲ್ಲ. ಸ್ಲೊವಾಕಿಯಾದ ರೋಮಾಗಳಲ್ಲಿ ಬಹುಪಾಲು ಜನ ತಲೆತಲಾಂತರದಿಂದ ಒಂದೇ ಕಡೆ ನೆಲೆ ನಿಂತವರು. 18ನೇ ಶತಮಾನದಲ್ಲೇ, ಆಗ ಆ ಪ್ರದೇಶವನ್ನು ಆಳುತ್ತಿದ್ದ ರಾಣಿ ಮರಿಯಾ ತೆರೇಸಾ, ರೋಮಾಗಳು ಗಾಡಿ, ಕುದುರೆ ಇಟ್ಟುಕೊಳ್ಳಬಾರದು ಎಂದು ಕಟ್ಟಪ್ಪಣೆ ಮಾಡಿದ್ದಳು. ಆ ಪ್ರದೇಶ ಹಂಗೇರಿಯ ಆಳ್ವಿಕೆಯಲ್ಲಿದ್ದಾಗ, 1893ರಲ್ಲಿ, ರೋಮಾಗಳದೇ ಒಂದು ಗಣತಿ ನಡೆಯಿತು. ಇಡೀ ಹಂಗೇರಿ ರಾಜ್ಯದಲ್ಲಿ ಸಿಕ್ಕವರು ಸುಮಾರು 2.75 ಲಕ್ಷ ಜನ. ಅದರಲ್ಲಿ ನಿಜವಾಗಿ ಊರೂರು ಅಲೆಯುತ್ತಿದ್ದವರು 9 ಸಾವಿರದಷ್ಟು. ನೂರಕ್ಕೆ ಮೂರು ಜನ! ಉಳಿದವರಲ್ಲಿ ಹೆಚ್ಚಿನವರು ಹಳ್ಳಿಯ ಅಂಚಿನಲ್ಲಿ ಕುಲುಮೆ ಕೆಲಸ, ಇಟ್ಟಿಗೆ ಕೆಲಸ, ವಾದ್ಯ ಅಂತ ಬದುಕಿಕೊಂಡಿದ್ದರು.

ಮತ್ತೆ ಓಡಾಟ ಶುರುವಾಗಿದ್ದು ಹೇಗೆ? ಹುಕುಂಗಳಿಂದ. 1941ರಲ್ಲಿ, ನಾಜಿಗಳ ಪರವಾಗಿದ್ದ ಸ್ಲೊವಾಕ್ ಸರ್ಕಾರ, ಮುಖ್ಯ ರಸ್ತೆ ಬದಿಯ ರೋಮಾ ಮನೆಗಳನ್ನು ಕಿತ್ತು ಊರಿಂದ ದೂರ ಹಾಕಿ ಎಂದಿತು. ತಮಾಷೆ ನೋಡಿ, 1958ರಲ್ಲಿ ಕಮ್ಯುನಿಸ್ಟ್ ಸರ್ಕಾರ ‘ಅಲೆಮಾರಿಗಳನ್ನು ನೆಲೆ ನಿಲ್ಲಿಸುವ’ ಕಾನೂನು ತಂದಿತು. ಆಗಲೇ ನೆಲೆ ನಿಂತಿದ್ದ ಎಷ್ಟೋ ಜನರನ್ನೂ ಅಲೆಮಾರಿ ಅಂತಲೇ ಪಟ್ಟಿಗೆ ಸೇರಿಸಿತು.

ಈಗ ಫ್ಲ್ಯಾಟಿಗೆ ಬರೋಣ. ಲೂನಿಕ್ ಅನ್ನುವುದು ಚಂದ್ರನತ್ತ ಹೋದ ಸೋವಿಯತ್ ನೌಕೆಯ ಹೆಸರು. ಆ ಹೆಸರಿಟ್ಟ ಬಡಾವಣೆಗಳಲ್ಲಿ ಒಂಬತ್ತನೆಯದನ್ನು ಕಟ್ಟಿದ್ದು 1970ರ ದಶಕದ ಕೊನೆಗೆ, ಸುಮಾರು 2,500 ಜನಕ್ಕೆ ಅಂತ. ಮೊದಲು ಅಲ್ಲಿ ಸೈನಿಕರು, ಪೊಲೀಸರ ಕುಟುಂಬಗಳೂ ಇದ್ದವು. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಬಿದ್ದು ವ್ಯವಸ್ಥೆ ಬದಲಾಯಿತು. ಕಟ್ಟಡ, ಕಾರ್ಖಾನೆಗಳ ಕೂಲಿ ಕೆಲಸ ಮೊದಲು ಹೋಗಿದ್ದು ರೋಮಾಗಳದ್ದೇ. ಬಾಡಿಗೆ ಬಾಕಿ ಬೆಳೆಯಿತು. 1995ರಲ್ಲಿ ನಗರ ಪಾಲಿಕೆ, ಬಾಕಿ ಉಳಿಸಿಕೊಂಡವರನ್ನು, ‘ಹೊಂದಿಕೊಳ್ಳದವರನ್ನು’ ಲೂನಿಕ್ 9ಕ್ಕೆ ಸಾಗಿಸಲು ನಿರ್ಣಯ ಮಾಡಿತು. ಕೊಶಿತ್ಸೆಯ ಹಳೇ ಪೇಟೆಯಲ್ಲಿದ್ದ ರೋಮಾ ಕುಟುಂಬಗಳೂ ಅಲ್ಲಿಗೇ ಬಂದವು. ಕೈಯಲ್ಲಿ ಶಕ್ತಿ ಇದ್ದವರು ಜಾಗ ಖಾಲಿ ಮಾಡಿದರು. ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ ಜನ ಸೇರಿದರು.

ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ನಾಲ್ಕು ಮನೆಯವರು ಮೇಂಟೆನೆನ್ಸ್ ಕಟ್ಟಲಿಲ್ಲ ಅಂತ ಇಡೀ ಬ್ಲಾಕಿಗೆ ನೀರು ನಿಲ್ಲಿಸಿದರೆ ಹೇಗಿರುತ್ತದೆ? ಅಲ್ಲಿ ಆಗಿದ್ದು ಹೆಚ್ಚುಕಮ್ಮಿ ಅದೇ. ಗ್ಯಾಸ್ ಹೋಯಿತು, ಕೋಣೆ ಬೆಚ್ಚಗಿಡುವ ವ್ಯವಸ್ಥೆ ಹೋಯಿತು, ನೀರು ದಿನಕ್ಕೆ ಕೆಲವೇ ಗಂಟೆ. ತಿಂಗಳು ತಿಂಗಳು ಸರಿಯಾಗಿ ಕಟ್ಟಿದವರೂ ಚಳಿಯಲ್ಲಿ ಕೂರಬೇಕಾಯಿತು. ಹಾಗಿರುವಾಗ ಯಾರಾದರೂ ಯಾಕೆ ಕಟ್ಟುತ್ತಾರೆ? ಸಿಕ್ಕಿದ್ದನ್ನು ಕಿತ್ತು ಮಾರಿದವರು, ಉರುವಲು ಮಾಡಿದವರು ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಇದ್ದರು. ಆದರೆ ಅದು ರಕ್ತದಲ್ಲೇ ಬಂದದ್ದು ಎನ್ನುವವರಿಗೆ ಒಂದು ಮಾತು. ಇತ್ತೀಚಿನ ವರ್ಷಗಳಲ್ಲಿ ಬಾಕಿಯನ್ನು ಕಂತಿನಲ್ಲಿ ತೀರಿಸಲು ಬಿಟ್ಟು, ಬ್ಲಾಕುಗಳನ್ನು ದುರಸ್ತಿ ಮಾಡುತ್ತಾ ಬಂದ ಮೇಲೆ ಅದೇ ಬಡಾವಣೆ ಸುಧಾರಿಸುತ್ತಿದೆ. ಅದರ ವಿಡಿಯೋ ಯಾರೂ ಕಳಿಸುವುದಿಲ್ಲ, ಬಿಡಿ.

ಗೋಡೆಯ ವಿಷಯವನ್ನೂ ಹೇಳಿಬಿಡುತ್ತೇನೆ. 2013ರಲ್ಲಿ ಕೊಶಿತ್ಸೆಗೆ ‘ಯುರೋಪಿನ ಸಾಂಸ್ಕೃತಿಕ ರಾಜಧಾನಿ’ ಎಂಬ ಗೌರವ ಸಿಕ್ಕಿತ್ತು. ಅದೇ ಬೇಸಿಗೆಯಲ್ಲಿ ಪಕ್ಕದ ಲೂನಿಕ್ 8ರ ಪಾರ್ಕಿಂಗ್ ಜಾಗದ ಅಂಚಿಗೆ ಲೂನಿಕ್ 9ರ ರೋಮಾಗಳನ್ನು ಆಚೆ ಇಡುವಂಥ ಒಂದು ಕಾಂಕ್ರೀಟ್ ಗೋಡೆ ಎದ್ದಿತು. ಯುರೋಪಿಯನ್ ಒಕ್ಕೂಟದಲ್ಲಿ ಆಗ ಸಂಸ್ಕೃತಿಯ ಹೊಣೆ ಹೊತ್ತಿದ್ದ ಕಮಿಷನರ್ ಆಂಡ್ರೂಲಾ ವಾಸಿಲಿಯೂ ಅದನ್ನು ಕೆಡವಿ ಎಂದು ಪತ್ರ ಬರೆದರು. ಕಾರು ಕಳ್ಳತನ ತಡೆಯೋಕೆ ಅಂತ ಅಲ್ಲಿಯವರ ಸಮಜಾಯಿಷಿ.

ಇನ್ನು, ನೀವು ಕೇಳಿಲ್ಲ, ಆದರೆ ಕೇಳುತ್ತೀರಿ ಅಂತ ಗೊತ್ತು: ‘ಇವರು ನಮ್ಮ ಲಂಬಾಣಿಗಳ ಅಣ್ಣತಮ್ಮಂದಿರಂತೆ, ಹೌದಾ?’ ರೋಮಾಗಳ ಪೂರ್ವಜರು ಸುಮಾರು ಸಾವಿರ ವರ್ಷದ ಹಿಂದೆ ಭಾರತದಿಂದ ಹೊರಟವರು ಅನ್ನುವುದು ನಿಜ. ಅವರ ಭಾಷೆ ಹಿಂದಿ, ರಾಜಸ್ಥಾನಿಗಳ ಬಳಗದ್ದು. 1971ರಲ್ಲಿ ಒಪ್ಪಿಕೊಂಡ ಅವರ ಬಾವುಟದಲ್ಲಿ ನಮ್ಮ ಅಶೋಕ ಚಕ್ರವನ್ನು ನೆನಪಿಸುವ 16 ಅರೆಗಳ ಚಕ್ರವಿದೆ. ಅಷ್ಟಕ್ಕೇ ಲಂಬಾಣಿಗಳೂ ಅವರೂ ಒಂದೇ ಅನ್ನಲು ಆಗುವುದಿಲ್ಲ. ಲಂಗ, ಕನ್ನಡಿ, ಕುಣಿತ ನೋಡಿ ನೆಂಟಸ್ತನ ಬೆಳೆಸುವುದು ಸುಮ್ನೆ ಆತುರ.

2016ರಲ್ಲಿ ದೆಹಲಿಯಲ್ಲಿ ನಡೆದ ರೋಮಾ ಸಮ್ಮೇಳನದಲ್ಲಿ ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್, ರೋಮಾಗಳನ್ನು ಭಾರತದ ಮಕ್ಕಳು ಎಂದು ಕರೆದರು. ಪ್ರೀತಿಯ ಮಾತು, ತಪ್ಪಿಲ್ಲ. ನನಗೆ ಮಾತ್ರ ಅದು ಸ್ವಲ್ಪ ಮುಜುಗರ. ಯುರೋಪಿನಲ್ಲಿ ರೋಮಾಗಳನ್ನು ಕಂಡರಾಗದವರೂ ‘ನಿಮ್ಮೂರಿಗೆ ಹೋಗಿ’ ಅನ್ನಲು ಇದೇ ಭಾರತದ ಮೂಲವನ್ನು ಎತ್ತಿ ಆಡುತ್ತಾರೆ. ಲೂನಿಕ್ 9ರಲ್ಲಿ ಹುಟ್ಟಿದ ಹುಡುಗಿಯ ಊರು ಕೊಶಿತ್ಸೆ. ಅವಳಿಗೆ ಅದೇ ಊರಿನ ಇನ್ನೊಂದು ಬಡಾವಣೆಯಲ್ಲಿ, ಮುಖ ನೋಡಿದ ಮೇಲೂ ‘ಮನೆ ಖಾಲಿ ಇದೆ’ ಅನ್ನುವ ಮಾಲೀಕರು ಬೇಕು.