ಬಾಸೆಲ್ ಮಿಶನ್: ತ್ಯಾಗದ ಭಾರ ಹೊತ್ತವರು ಯಾರು?

1828ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ನಾಲ್ವರು ಯುವಕರು ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟ್‌ಗೆ, ಅಂದರೆ ಇಂದಿನ ಘಾನಾಕ್ಕೆ ಬಂದಿಳಿದರು. ಒಂದು ವರ್ಷ ತುಂಬುವ ಮೊದಲೇ ಮೂವರು ತೀರಿಕೊಂಡರು. ನಾಲ್ಕನೆಯವರಾದ ಹೆಂಕೆ 1831ರಲ್ಲಿ ತೀರಿಹೋದರು. ಮರುವರ್ಷ ಇನ್ನೂ ಮೂವರನ್ನು ಕಳಿಸಿದರು. ಅವರಲ್ಲಿ ಒಬ್ಬರು ವೈದ್ಯರೇ ಆಗಿದ್ದರು, ಮೊದಲು ಸತ್ತವರೂ ಅವರೇ. ಕೊನೆಗೆ ಉಳಿದದ್ದು ಆಂಡ್ರಿಯಾಸ್ ರೀಸ್ ಒಬ್ಬರು. ಇದೆಲ್ಲ ಗೊತ್ತಿದ್ದೇ 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಅದೇ ಸಂಸ್ಥೆಯಿಂದ ಮಂಗಳೂರಿಗೆ ಹೊರಟರು. ಹಿಂದಿನ ವರ್ಷವಷ್ಟೇ ಈಸ್ಟ್ ಇಂಡಿಯಾ ಕಂಪನಿಯ ಸನದು ಬದಲಾಗಿ, ಬ್ರಿಟಿಷರಲ್ಲದ ಮಿಶನರಿಗಳಿಗೂ ಇಲ್ಲಿ ನೆಲೆ ನಿಲ್ಲಲು ದಾರಿಯಾಗಿತ್ತು.

ಮೊದಲು ದೇವರ ರಾಜ್ಯ, ಉಳಿದದ್ದೆಲ್ಲ ಆಮೇಲೆ ಎಂಬ ಮತ್ತಾಯನ ಸುವಾರ್ತೆಯ ಮಾತು ಇವರಿಗೆ ಬರಿಯ ಪ್ರವಚನವಾಗಿರಲಿಲ್ಲ. ಬಾಸೆಲಿನ ಸಮಿತಿ ಅದನ್ನು ನಿಯಮವಾಗಿಸಿತ್ತು. ಆ ನಿಯಮ ಮಿಶನರಿಯ ಮನೆಯೊಳಕ್ಕೆ ಎಷ್ಟು ದೂರ ಹೋಗುತ್ತಿತ್ತು ಎಂಬುದು ಮದುವೆಯ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ.

ಮಿಶನರಿಗಳನ್ನು ತಯಾರು ಮಾಡುವ ಸೆಮಿನರಿಯಿಂದ ಹೊರಟವನು ಬ್ರಹ್ಮಚಾರಿಯಾಗಿಯೇ ಹಡಗು ಹತ್ತಬೇಕು. ಕ್ಷೇತ್ರದಲ್ಲಿ ಸುಮಾರು ಎರಡು ವರ್ಷ ದುಡಿದು, ಭಾಷೆ ಕಲಿತು, ಹವೆಗೆ ಒಗ್ಗಿದ ಮೇಲೆ ಮದುವೆಗೆ ಅನುಮತಿ ಕೇಳಿ ಪತ್ರ ಬರೆಯಬಹುದು. ಸಮಿತಿ ಒಪ್ಪಿದರೆ ಹುಡುಗಿಯ ಹುಡುಕಾಟ. ಅವಳ ಊರಿನ ಪಾದ್ರಿಯ ಅಭಿಪ್ರಾಯ ಬೇಕು, ಆರೋಗ್ಯದ ವಿಚಾರಣೆಯಾಗಬೇಕು, ತಂದೆತಾಯಿ ಒಪ್ಪಬೇಕು. ಎಷ್ಟೋ ಜೋಡಿಗಳು ಒಬ್ಬರ ಮುಖವನ್ನೊಬ್ಬರು ಮೊದಲು ನೋಡಿದ್ದು ಬಂದರಿನಲ್ಲಿ; ಕೆಲವೇ ದಿನಗಳಲ್ಲಿ ಮದುವೆ. ಲೆಕ್ಕ ತಪ್ಪುತ್ತಿದ್ದುದೂ ಇಲ್ಲಿಯೇ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಪತ್ರ ಹೋಗಿ ಉತ್ತರ ಬರಲು ತಿಂಗಳುಗಳೇ ಬೇಕು, ಅಷ್ಟರಲ್ಲಿ ಎರಡರಲ್ಲೊಂದು ಜೀವ ಕಾಯಿಲೆ ಬಿದ್ದಿರಬಹುದು. ಗಂಡ ಸತ್ತರೆ ಅಥವಾ ಹೆಂಡತಿ ಸತ್ತರೆ ಮರುಮದುವೆ ಮಿಶನ್ ಬಳಗದೊಳಗೇ ನಡೆಯುತ್ತಿತ್ತು. 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ ಮೊಗ್ಲಿಂಗ್ ಮದುವೆಯಾದದ್ದು ತಮ್ಮ ಸಹೋದ್ಯೋಗಿ ವೈಗ್ಲೆಯ ವಿಧವೆಯನ್ನು. ಕಿಟೆಲ್ ಅವರ ಹೆಂಡತಿ 1864ರಲ್ಲಿ ತೀರಿಕೊಂಡರು. 1867ರಲ್ಲಿ ಅವರು ಆಕೆಯ ತಂಗಿಯನ್ನೇ ಮದುವೆಯಾದರು. ನಾವು ದಿನವೂ ತೆರೆಯುವ ಕಿಟೆಲ್ ನಿಘಂಟಿನ ಹಿಂದೆ ಈ ಸಾವೂ ಇದೆ.

ಗಂಡಸು ತಾನಾಗಿ ಬಂದವನು. ಹೆಣ್ಣು, ಒತ್ತಾಯ ಎಷ್ಟಿದ್ದರೂ, ಹೂಂ ಎಂದು ಬಂದವಳು. ಮಕ್ಕಳನ್ನು ಯಾರೂ ಕೇಳಲಿಲ್ಲ. ಶಾಲೆಯ ವಯಸ್ಸಿಗೆ ಬಂದ ಮಗುವನ್ನು ಯುರೋಪಿಗೆ ಕಳಿಸಬೇಕೆಂಬುದು 1850ರ ದಶಕದಲ್ಲಿ ಕಟ್ಟುನಿಟ್ಟಿನ ನಿಯಮವಾಯಿತು. ಅಂಥ ಮಕ್ಕಳಿಗೆಂದೇ ಬಾಸೆಲಿನಲ್ಲಿ ಮಕ್ಕಳ ಮನೆ ತೆರೆದರು. ಕಾರಣಗಳು ಅವರ ಮಟ್ಟಿಗೆ ಪ್ರಾಮಾಣಿಕ: ಕರಾವಳಿಯ ಜ್ವರ, ಆಮಶಂಕೆ, ಶಾಲೆಯಿಲ್ಲದ ಊರು, ತಾಯಿಯ ಸಮಯ ಮಿಶನ್ನಿನ ಹೆಣ್ಣುಮಕ್ಕಳ ಶಾಲೆಗೆ ಸಿಗಬೇಕೆಂಬ ಆಸೆ. ಆದರೆ ಹಾಗೆ ಹೋದ ಮಗು ಮತ್ತೆ ತಂದೆತಾಯಿಯ ಮುಖ ನೋಡಲು ವರ್ಷಗಟ್ಟಲೆ ಕಾಯಬೇಕಿತ್ತು. ಮಿಶನರಿ ಗುಂಡರ್ಟ್ ಅವರ ಮಗಳು, ತಲಚೇರಿಯಲ್ಲಿ ಹುಟ್ಟಿದ ಮರೀ, ಈ ನಿಯಮ ಬರುವ ಮೊದಲೇ ನಾಲ್ಕನೆಯ ವಯಸ್ಸಿಗೆ ಯುರೋಪಿನಲ್ಲಿ ಉಳಿದಳು. ಹೆತ್ತವರ ಬಳಿಗೆ ಮರಳಿದ್ದು ಹದಿನೈದರ ಹೊತ್ತಿಗೆ, 1857ರಲ್ಲಿ. ಇದನ್ನು ತ್ಯಾಗ ಎಂದು ಕರೆಯುವುದಾದರೆ, ಅದು ಮಗುವಿನ ಹೆಸರಿನಲ್ಲಿ ಬೇರೆಯವರು ಮಾಡಿದ ತ್ಯಾಗ ಎಂಬುದನ್ನೂ ಹೇಳಲೇಬೇಕು.

ಇಷ್ಟಾಗಿಯೂ ಮಿಶನರಿಯ ಹಿಂದೆ ಬಾಸೆಲಿನ ಸಮಿತಿಯಿತ್ತು. ದೀಕ್ಷಾಸ್ನಾನ ಪಡೆದ ಸ್ಥಳೀಯನ ಹಿಂದೆ ಯಾರಿದ್ದರು? ಮೊಗ್ಲಿಂಗ್ ಅವರ ವಿದ್ಯಾರ್ಥಿ, ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷೆ ಪಡೆದಾಗ ಮಂಗಳೂರು ಪೇಟೆಯೇ ಉದ್ವಿಗ್ನವಾಯಿತು. ಹೆಂಡತಿ ಅವರೊಂದಿಗೆ ಬರಲಿಲ್ಲ. ಬಾಸೆಲಿನಲ್ಲಿ ಓದಿ 1851ರಲ್ಲಿ ಪಾದ್ರಿಯಾಗಿ ಮರಳಿದ ಅವರು ಮತ್ತೊಂದು ಮದುವೆಯಾದದ್ದು 1860ರಲ್ಲಿ. ಜಾತಿ ಹೋದರೂ ಆಸ್ತಿಯ ಹಕ್ಕು ಹೋಗದು ಎಂದು 1850ರ 21ನೆಯ ಕಾಯಿದೆ ಹೇಳಿತು, ನಿಜ. ಆದರೆ ಊರಬಾವಿಯ ನೀರು, ಧಣಿಯ ಗೇಣಿ, ಅಣ್ಣತಮ್ಮಂದಿರ ಜತೆಗಿನ ಊಟ, ಇವನ್ನು ಯಾವ ಕಾಯಿದೆ ಕೊಟ್ಟೀತು?

ಬಿಲ್ಲವರ ಕಷ್ಟ ಇನ್ನೊಂದು ಬಗೆಯದು. ಬಾಸೆಲ್ ಸಭೆಗೆ, ಅಂದರೆ ಮಿಶನ್ನಿನ ಚರ್ಚಿಗೆ, ಸೇರಿದವರು ಹೆಚ್ಚಾಗಿ ಅವರೇ. ಅವರಲ್ಲಿ ಅನೇಕರ ಕಸುಬು ಕಳ್ಳು ಇಳಿಸುವುದು. ಸಭೆ ಕಳ್ಳಿನ ಕಸುಬನ್ನು ಒಪ್ಪಲಿಲ್ಲ. ಭೂತದೈವಗಳ ಚಾಕರಿಯನ್ನೂ ಬಿಡಬೇಕು. ಹೀಗಾಗಿ ದೀಕ್ಷೆಯ ಮರುದಿನವೇ ಒಲೆ ಹಚ್ಚುವ ದಾರಿ ಕಾಣುತ್ತಿರಲಿಲ್ಲ. ಲೋಕದ ಭದ್ರತೆಯನ್ನು ಬದಿಗಿಟ್ಟು ಬಂದ ಮಿಶನ್, ತನ್ನನ್ನು ನಂಬಿ ಬಂದವರಿಗೆ ಅದೇ ಭದ್ರತೆ ಒದಗಿಸಲು ಕೈಹಾಕಬೇಕಾಯಿತು.

ಬೇಸಾಯ, ನೇಯ್ಗೆ, ಪುಸ್ತಕ ಕಟ್ಟುವ ಕೆಲಸ ಎಲ್ಲ ಪ್ರಯತ್ನಿಸಿದರು. 1851ರಲ್ಲಿ ಬಂದ ಹಾಲರ್ ನೇಯ್ಗೆಗೆ ಹೊಸ ಮಗ್ಗ ತಂದರು, ಬಣ್ಣ ಹಾಕುವುದನ್ನು ಸುಧಾರಿಸಿದರು. ಮುದ್ರಣಕ್ಕೆಂದು ಬಂದ ಪ್ಲೆಬ್‌ಸ್ಟ್ ನದಿದಡದ ಜೇಡಿಯನ್ನು ಪರೀಕ್ಷಿಸಿ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಮಣ್ಣನ್ನು ನೆನೆಹಾಕಿ, ಹದವಾಗಿ ನಾದಿ, ಅಚ್ಚಿನಲ್ಲಿ ಒತ್ತಿ, ಅಂಚು ಕೊಯ್ದು, ನೆರಳಿನ ಅಟ್ಟಣಿಗೆಯಲ್ಲಿ ನಿಧಾನ ಒಣಗಿಸಿ, ಆಮೇಲೆ ಗೂಡಿಗೆ. ಅವಸರಪಟ್ಟು ಬಿಸಿಲಿಗಿಟ್ಟರೆ ಹಂಚು ಸೊಟ್ಟಗಾಗಿ ಬಿರಿಯುತ್ತದೆ. ಬೇಯುವುದು ಕಡಿಮೆಯಾದರೆ ಆಷಾಢದ ಮಳೆಗೆ ನೀರು ಹೀರುತ್ತದೆ. ತಾಳ್ಮೆ ಬೇಡುವ ಈ ಕೆಲಸ ನೂರಾರು ಕುಟುಂಬಗಳಿಗೆ ಕೂಲಿ ಕೊಟ್ಟಿತು, ಮುಳಿಹುಲ್ಲಿನ ಮಾಡುಗಳನ್ನು ಕೆಂಪಗಾಗಿಸಿತು.

ಕೊಸರು ಮಾತ್ರ ಉಳಿಯಿತು. ಸಭೆ, ಕೆಲಸ, ಮನೆ ಮೂರೂ ಒಂದೇ ಕಡೆಯಿಂದ ಸಿಕ್ಕಾಗ ನಂಬಿಕೆ ಯಾವುದು, ಅನ್ನದ ಹಂಗು ಯಾವುದು ಎಂದು ಬೇರ್ಪಡಿಸುವುದು ಹೇಗೆ? ಪಾದ್ರಿಯೇ ಧಣಿಯಾದರೆ ತಪ್ಪೊಪ್ಪಿಕೊಳ್ಳಲು ಯಾರ ಬಳಿ ಹೋಗಬೇಕು? ಈ ಚರ್ಚೆ ಮಿಶನ್ನಿನೊಳಗೇ ದಶಕಗಳ ಕಾಲ ನಡೆಯಿತು. 1859ರಲ್ಲಿ ವ್ಯಾಪಾರಕ್ಕೆ ಪ್ರತ್ಯೇಕ ಕಂಪನಿ ಕಟ್ಟಿದರೂ ಗಂಟು ಪೂರ್ತಿ ಬಿಚ್ಚಲಿಲ್ಲ.

ಅದನ್ನು ಕತ್ತರಿಸಿದ್ದು ಯುದ್ಧ. 1914ರ ಬಳಿಕ ಜರ್ಮನ್ ಮಿಶನರಿಗಳನ್ನು ಶತ್ರುದೇಶದವರೆಂದು ಅಹಮದ್‌ನಗರದ ಶಿಬಿರಕ್ಕೆ ಸೇರಿಸಿದರು. ಹೆಂಗಸರು ಮಕ್ಕಳನ್ನು ಗೋಲ್ಕೊಂಡ ಹಡಗಿನಲ್ಲಿ ಯುರೋಪಿಗೆ ಸಾಗಿಸಿದರು. ಕಾರ್ಖಾನೆಗಳನ್ನು ಸರ್ಕಾರ ವಶಪಡಿಸಿಕೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದವು. ಅಷ್ಟರಲ್ಲಿ ಹಂಚೊತ್ತುವವರದು ಎರಡನೆಯ, ಮೂರನೆಯ ತಲೆಮಾರು. ಧಣಿ ಬದಲಾದ, ಪಾದ್ರಿ ಊರಿನವನೇ ಆದ. ಭಾನುವಾರ ಅವರು ಎಂದಿನಂತೆ ಅದೇ ಸಭೆಗೆ ಹೋದರು.