ಟೆರೇಸಿಗೆ ಶೀಟು ಹಾಕಿಸಲು ಪಾಲಿಕೆಯ ಅನುಮತಿ ಬೇಕಾ?

ಪ್ರಶ್ನೆ: ಸರ್, ನಮ್ಮದು ಮಂಗಳೂರಿನಲ್ಲಿ ಇಪ್ಪತ್ತು ವರ್ಷ ಹಳೆಯ ಆರ್‌ಸಿಸಿ ಮನೆ. ಸ್ಲಾಬ್ ಸೋರುತ್ತಿದೆ. ಮೇಲೆ ಸುಮಾರು 1,000 ಚದರಡಿ ಶೀಟು ಹಾಕಿಸೋಣ ಎಂದಿದ್ದೇವೆ. ಲೈಸೆನ್ಸ್ ಇರುವ ಕಾಂಟ್ರಾಕ್ಟರನ್ನು ಹೇಗೆ ಹುಡುಕುವುದು? ಖರ್ಚು ಎಷ್ಟಾಗಬಹುದು? ಗೋಡೆ ಕಟ್ಟುವುದಿಲ್ಲ, ಬರೀ ಶೀಟು. ಹಾಗಾಗಿ ಪರ್ಮಿಷನ್ ಬೇಡ ಅಲ್ವಾ?

ಉತ್ತರ: ಬೇಕು.

ಪ್ರತಿ ವರ್ಷ ಮಾರ್ಚ್ ಬಂದರೆ ಈ ಪ್ರಶ್ನೆ ಬರುತ್ತದೆ. ಕೊನೆಯಲ್ಲಿ ಆ ‘ಅಲ್ವಾ’ ಕೂಡ ತಪ್ಪದೆ ಇರುತ್ತದೆ. ಎಷ್ಟು ಸಲ ಹೇಳಿದ್ದೇನೋ ನೆನಪಿಲ್ಲ. ಈ ಸಲ ಸ್ವಲ್ಪ ವಿವರವಾಗಿ ಹೇಳುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಮೊದಲು ಲೈಸೆನ್ಸ್ ವಿಷಯ ಮುಗಿಸೋಣ. ಮನೆಯ ಮಾಡಿಗೆ, ಅಂದರೆ ಚಾವಣಿಗೆ, ಶೀಟು ಹಾಕುವವರಿಗೆ ಅಂತ ನಮ್ಮ ರಾಜ್ಯದಲ್ಲಿ ಬೇರೆ ಲೈಸೆನ್ಸ್ ಇಲ್ಲ. ‘ಕ್ಲಾಸ್ ಒನ್ ಕಾಂಟ್ರಾಕ್ಟರ್’ ಎಂದು ಕಾರ್ಡಿನಲ್ಲಿ ಬರೆದಿದ್ದರೆ ಅದು ಲೋಕೋಪಯೋಗಿ ಇಲಾಖೆಯ ನೋಂದಣಿ, ಸರ್ಕಾರಿ ಕೆಲಸದ ಟೆಂಡರ್ ಹಾಕುವುದಕ್ಕೆ. ಜಿಎಸ್‌ಟಿ ನಂಬರ್ ತೆರಿಗೆಗೆ ಸಂಬಂಧಪಟ್ಟದ್ದು. ಇವೆರಡೂ ಆ ಮನುಷ್ಯನಿಗೆ ವೆಲ್ಡಿಂಗ್ ಚೆನ್ನಾಗಿ ಬರುತ್ತದೆ ಎಂದು ಹೇಳುವುದಿಲ್ಲ. ಅವರು ನಾಲ್ಕೈದು ವರ್ಷದ ಹಿಂದೆ ಮಾಡಿದ ಮಾಡುಗಳನ್ನು ಹೋಗಿ ನೋಡಿ. ಹೊಸ ಕೆಲಸ ಎಲ್ಲರದ್ದೂ ಚಂದವೇ ಕಾಣುತ್ತದೆ. ನಾಲ್ಕು ಮಳೆಗಾಲ ಕಳೆದ ಮೇಲೆ ಜಾಯಿಂಟುಗಳಲ್ಲಿ ತುಕ್ಕು ಎಷ್ಟಿದೆ, ಸ್ಕ್ರೂವಿನ ರಬ್ಬರ್ ವಾಷರ್ ಒಡೆದಿದೆಯಾ, ಅದನ್ನು ನೋಡಬೇಕು.

ಈಗ ಆ ‘ಬರೀ ಶೀಟು’ ವಿಷಯಕ್ಕೆ ಬರುತ್ತೇನೆ.

ಮಂಗಳೂರಿಗೆ ಅನ್ವಯಿಸುವುದು ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ, 1976. ಅದರಲ್ಲಿ ಕಟ್ಟಡ ಎಂದರೆ ಏನು ಎಂದು ಹೇಳುವಾಗ ಮನೆಯ ಜೊತೆಗೆ ಶೆಡ್ಡು, ಗುಡಿಸಲು ಕೂಡ ಸೇರಿವೆ. ಕಲ್ಲು, ಇಟ್ಟಿಗೆ, ಮರ, ಮಣ್ಣು, ಲೋಹ, ಯಾವುದರಿಂದ ಮಾಡಿದ್ದರೂ ಅದು ಕಟ್ಟಡವೇ. ಗೋಡೆ ಇದ್ದರೆ ಮಾತ್ರ ಕಟ್ಟಡ ಎಂದು ಎಲ್ಲೂ ಇಲ್ಲ. ಹೊಸದಾಗಿ ಕಟ್ಟುವುದಕ್ಕೆ ಇರುವ ನಿಯಮವೇ ಇರುವ ಕಟ್ಟಡಕ್ಕೆ ಏನಾದರೂ ಸೇರಿಸುವುದಕ್ಕೂ ಅನ್ವಯಿಸುತ್ತದೆ. ನೀವು ಸ್ಲಾಬಿನ ಮೇಲೆ ಕಂಬ ನಿಲ್ಲಿಸಿ ಮಾಡು ಮಾಡುತ್ತೀರಿ. ಇದು ಸೇರಿಸುವುದಲ್ಲದೆ ಮತ್ತೇನು?

ಇಷ್ಟು ಹೇಳಿದ ಕೂಡಲೇ ಇನ್ನೊಂದು ಮಾತು ಬರುತ್ತದೆ. ‘ವೆಲ್ಡಿಂಗ್ ಮಾಡುವುದಿಲ್ಲ, ಎಲ್ಲ ನಟ್ ಬೋಲ್ಟ್. ಬೇಕಾದಾಗ ಬಿಚ್ಚಬಹುದು. ಹಾಗಾಗಿ ತಾತ್ಕಾಲಿಕ.’ ಈ ಮಾತು ಎಲ್ಲಿಂದ ಹುಟ್ಟಿತೋ, ಊರಿಡೀ ಹಬ್ಬಿದೆ. ಬೋಲ್ಟ್ ಹಾಕಿದ ಮಾತ್ರಕ್ಕೆ ಯಾವುದೂ ತಾತ್ಕಾಲಿಕ ಆಗುವುದಿಲ್ಲ. ದೊಡ್ಡ ದೊಡ್ಡ ಉಕ್ಕಿನ ಸೇತುವೆಗಳೂ ಬೋಲ್ಟಿನಲ್ಲೇ ನಿಂತಿವೆ. ‘ತೆರಿಗೆಯಲ್ಲಿ ಶೀಟಿನ ಜಾಗವನ್ನೂ ತೋರಿಸಿ ಕಟ್ಟುತ್ತಿದ್ದೇನೆ’ ಎನ್ನುವವರೂ ಇದ್ದಾರೆ. ಕಟ್ಟಿ, ಒಳ್ಳೆಯದೇ. ಆದರೆ ಅನುಮತಿ ಇಲ್ಲದ ಕಟ್ಟಡದಿಂದಲೂ ತೆರಿಗೆ ವಸೂಲಿ ಮಾಡಲು ಪಾಲಿಕೆಗೆ ಅವಕಾಶವಿದೆ, ಆ ರಸೀದಿಯಿಂದ ಕಟ್ಟಡ ಸಕ್ರಮ ಆಗುವುದಿಲ್ಲ. ‘ಆಮೇಲೆ ಅಕ್ರಮ-ಸಕ್ರಮದಲ್ಲಿ ಸರಿ ಮಾಡಿಸಿದರಾಯಿತು’ ಎಂದರೆ, ಅಕ್ರಮ ಕಟ್ಟಡವನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. ‘ನಮ್ಮ ರಸ್ತೆಯಲ್ಲಿ ಎಲ್ಲರೂ ಹಾಕಿಸಿದ್ದಾರೆ’ ಎಂಬುದಂತೂ ಯಾವ ಉತ್ತರವೂ ಅಲ್ಲ. ನಿಮ್ಮ ಶೀಟಿನ ನೀರು ಪಕ್ಕದವರ ಅಂಗಳಕ್ಕೆ ಬಿದ್ದು ಅವರು ಒಂದು ಅರ್ಜಿ ಕೊಟ್ಟರೆ ನೋಟಿಸ್ ಬರುವುದು ನಿಮ್ಮೊಬ್ಬರಿಗೆ. ತೆಗೆಸುವ ಅಧಿಕಾರ ಪಾಲಿಕೆಗಿದೆ, ತೆಗೆಸಿದ ಖರ್ಚೂ ನಿಮ್ಮ ಮೇಲೆಯೇ ಬರುತ್ತದೆ.

ಆದರೂ ಕಾನೂನಿಗಿಂತ ಹೆಚ್ಚಾಗಿ ನನಗೆ ಚಿಂತೆ ಗಾಳಿಯದ್ದು. ಕಟ್ಟಡಗಳ ಮೇಲೆ ಗಾಳಿಯ ಒತ್ತಡ ಲೆಕ್ಕ ಹಾಕಲು ಐಎಸ್ 875ರ ಮೂರನೇ ಭಾಗ ಎಂಬ ಭಾರತೀಯ ಮಾನಕ ಇದೆ. ಅದರಲ್ಲಿ ಮಂಗಳೂರಿಗೆ ಲೆಕ್ಕಕ್ಕೆ ಹಿಡಿಯಲು ಕೊಟ್ಟಿರುವ ಗಾಳಿಯ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿಲೋಮೀಟರ್. ಬೆಂಗಳೂರಿಗೆ 33 ಮೀಟರ್. ಮಂಗಳೂರಿನ ಈ ವೇಗದಲ್ಲಿ ಚದರ ಮೀಟರಿಗೆ 90 ಕೆಜಿಗೂ ಜಾಸ್ತಿ ಒತ್ತಡ ಬರುತ್ತದೆ. ಚದರಡಿಗೆ ಎಂಟೂವರೆ ಕೆಜಿ ಅಂದುಕೊಳ್ಳಿ. ನಿಮ್ಮ 1,000 ಚದರಡಿಗೆ ಎಂಟೂವರೆ ಟನ್. ಇಳಿಜಾರು, ಎತ್ತರ ನೋಡಿ ಇದು ಸ್ವಲ್ಪ ಆಚೀಚೆ ಆಗುತ್ತದೆ. ಪೈಪು, ಶೀಟು ಎಲ್ಲ ಸೇರಿ ನಿಮ್ಮ ಮಾಡಿನ ತೂಕ ಎರಡು ಟನ್ನಿನ ಒಳಗೆ. ಈಗ ಗೋಡೆ ಇಲ್ಲ ಎಂದಿರಲ್ಲ, ಆಗ ಗಾಳಿ ಸೀದಾ ಅಡಿಗೆ ನುಗ್ಗಿ ಮೇಲೆ ಎತ್ತುತ್ತದೆ. ಜೊತೆಗೆ ಮೇಲಿನಿಂದ ಹಾದುಹೋಗುವ ಗಾಳಿ ಶೀಟನ್ನು ಎಳೆಯುತ್ತದೆ. ‘ಗೋಡೆ ಇಲ್ಲ, ಹಗುರ, ಹಾಗಾಗಿ ಚಿಂತೆ ಇಲ್ಲ’ ಎಂಬ ಮಾತು ಹೀಗೆ ಪೂರ್ತಿ ತಲೆಕೆಳಗು. ಹಗುರ ಆಗಿರುವುದೇ ತೊಂದರೆ.

ಒಮ್ಮೆ ಸುರತ್ಕಲ್ ಕಡೆ ಒಂದು ಮನೆ ನೋಡಲು ಹೋಗಿದ್ದೆ. ಮಾಡು ಇಡಿಯಾಗಿ ಎದ್ದು ಪಕ್ಕದ ಹಿತ್ತಲಿನ ತೆಂಗಿನ ಮರಕ್ಕೆ ಒರಗಿತ್ತು. ಶೀಟು ಹರಿದಿರಲಿಲ್ಲ, ಸ್ಕ್ರೂ ಕಿತ್ತು ಬಂದಿರಲಿಲ್ಲ. ಕಂಬಗಳು ಬುಡದ ಪ್ಲೇಟಿನ ಸಮೇತ ಬಂದಿದ್ದವು. ಬೋಲ್ಟ್ ಎರಡೇ ಇಂಚು ಇಳಿದಿತ್ತು, ಅದೂ ಸ್ಲಾಬಿನ ಮೇಲಿನ ಗಾರೆಯಲ್ಲಿ. ಆ ಹೊತ್ತಿಗೆ ಹಿತ್ತಲಿನಲ್ಲಿ ಯಾರೂ ಇರಲಿಲ್ಲ.

ಆದ್ದರಿಂದ ಅನುಮತಿಗೆ ಓಡಾಡುವುದನ್ನು ದಂಡ ಅಂದುಕೊಳ್ಳಬೇಡಿ. ಪಾಲಿಕೆಯಲ್ಲಿ ನೋಂದಣಿ ಇರುವ ಎಂಜಿನಿಯರ್ ಒಬ್ಬರು ಬಂದು ಹಳೆಯ ನಕ್ಷೆ ನೋಡುತ್ತಾರೆ. ಕೆಳಗಿನ ಪಿಲ್ಲರ್, ಬೀಮ್ ಎಲ್ಲಿವೆ ನೋಡಿ ಕಂಬ ಅದರ ಮೇಲೆಯೇ ಬರುವಂತೆ ಗುರುತು ಹಾಕುತ್ತಾರೆ. ಬೋಲ್ಟ್ ಎಷ್ಟು ಆಳ ಎಂದು ಬರೆದುಕೊಡುತ್ತಾರೆ. ನಿಮ್ಮ ಮನೆ ಉಳಿಯುವುದು ಆ ಒಂದು ಹಾಳೆಯಿಂದ. ನೀವಿರುವುದು ಫ್ಲ್ಯಾಟಿನಲ್ಲಾದರೆ ಮಾತ್ರ ಎಂಜಿನಿಯರಿಗಿಂತ ಮೊದಲು ಸಂಘದ ಒಪ್ಪಿಗೆ ಬೇಕು. ಟೆರೇಸು ಎಲ್ಲರದ್ದು.

ಖರ್ಚಿನ ವಿಷಯ. ನಮ್ಮ ಕಡೆ ಈಗ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಕಲರ್ ಶೀಟು, ಕೂಲಿ ಸೇರಿ ಚದರಡಿಗೆ ಸುಮಾರು 150ರಿಂದ 250 ರೂಪಾಯಿ ಹೇಳುತ್ತಾರೆ. ನಿಮಗೆ ಒಂದೂವರೆಯಿಂದ ಎರಡೂವರೆ ಲಕ್ಷ. ಬಿಲ್ ಕೊಡುವವರಾದರೆ ಜಿಎಸ್‌ಟಿ ಶೇಕಡಾ 18 ಬೇರೆ. ದರ ಇಷ್ಟು ಹೆಚ್ಚು ಕಡಿಮೆ ಯಾಕೆ ಎಂದರೆ ಪೈಪಿನ ದಪ್ಪ. ಎರಡು ಇಂಚಿನ ಚೌಕ ಪೈಪು, ಆರು ಮೀಟರ್ ಉದ್ದದ್ದು, 2 ಎಂಎಂ ದಪ್ಪ ಇದ್ದರೆ ಸುಮಾರು 18 ಕೆಜಿ ತೂಗುತ್ತದೆ. 1.6 ಎಂಎಂ ಆದರೆ 14-15 ಕೆಜಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಚದರಡಿಗೆ 20 ರೂಪಾಯಿ ಕಡಿಮೆ ಹೇಳಿದವರು ಎಲ್ಲಿ ಉಳಿಸಿದರು ಎಂದು ಈಗ ಗೊತ್ತಾಯಿತಲ್ಲ. ಪೈಪಿನ ಅಳತೆ, ದಪ್ಪ, ಒಟ್ಟು ತೂಕ ಎಲ್ಲ ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ. ಲಾರಿ ಬಂದಾಗ ವೇಬ್ರಿಡ್ಜ್ ಚೀಟಿ ಕೇಳಿ. ಶೀಟಿನಲ್ಲೂ ಹೀಗೆಯೇ. 0.50 ಎಂಎಂ ಎಂದರೆ ಬಣ್ಣ, ಲೇಪ ಎಲ್ಲ ಸೇರಿದ ದಪ್ಪ, ಒಳಗಿನ ಉಕ್ಕು ಅದಕ್ಕಿಂತ ತೆಳು. ಎರಡೂ ಅಂಕಿ ಕೇಳಿ ತಿಳಿದುಕೊಳ್ಳಿ. ಕಡಲಿಗೆ ಹತ್ತಿರ ಇದ್ದರೆ ಅಲ್ಯೂಮಿನಿಯಂ ಶೀಟಿನ ದರವನ್ನೂ ಕೇಳಿ ನೋಡಿ. ಉಪ್ಪುಗಾಳಿಗೆ ಕಬ್ಬಿಣ ಬೇಗ ಹಾಳಾಗುತ್ತದೆ.

ನೀವು ಕೇಳಿಲ್ಲ, ಆದರೂ ಹೇಳಬೇಕು ಅನಿಸುತ್ತಿದೆ. ಇಷ್ಟು ಗಾಳಿಯ ಊರಿನಲ್ಲಿ ನಮ್ಮ ಅಜ್ಜಂದಿರ ಹಂಚಿನ ಮಾಡು ಹೇಗೆ ನಿಂತಿತು? ಅದರಲ್ಲಿ ಒಂದು ಬೋಲ್ಟೂ ಇರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಒಂದರ ಅಂಚಿಗೆ ಇನ್ನೊಂದು ಕೂರುವ ಆ ಹಂಚು ಒಂದೊಂದೂ ಎರಡು ಮೂರು ಕೆಜಿ. ಚದರ ಮೀಟರಿಗೆ ಹದಿನೈದರಷ್ಟು ಹಂಚು ಅಂದರೆ 30-45 ಕೆಜಿ. ಅದೇ ಜಾಗಕ್ಕೆ ಶೀಟು ನಾಲ್ಕೇ ಕೆಜಿ. ಅದಕ್ಕಿಂತ ಮುಖ್ಯ, ಹಂಚಿನ ಸಂದುಗಳಲ್ಲಿ ಗಾಳಿ ಆಡುತ್ತದೆ. ಅಡಿಗೆ ನುಗ್ಗಿದ ಗಾಳಿ ಸಾವಿರ ಸಂದುಗಳಿಂದ ಹೊರಗೆ ಹೋಗಿಬಿಡುತ್ತದೆ. ಜೋರು ಗಾಳಿಗೆ ಸೂರಿನ ಅಂಚಿನಲ್ಲಿ ಹತ್ತು ಹಂಚು ಬೀಳಬಹುದು, ಹಂಚು ಹೊರುವ ಮರದ ಪಕ್ಕಾಸು, ರೀಪು ಅಲ್ಲೇ ಇರುತ್ತವೆ. ಶೀಟಿನ ಮಾಡು ಎದ್ದರೆ ಇಡೀ ಮಾಡು ಏಳುತ್ತದೆ.

ಹಂಚಿನ ಮನೆ ಇರುವವರು ಅನುಮತಿಯ ಮಾತು ಕೇಳಿ ಹೆದರಬೇಕಾಗಿಲ್ಲ. ಕಟ್ಟಡದ ಜಾಗ, ಅಳತೆ ಬದಲಾಗದ ರಿಪೇರಿಗೆ ಪಾಲಿಕೆಯ ಅನುಮತಿ ಬೇಡ. ಒಡೆದ ಹಂಚು, ಗೆದ್ದಲು ಹಿಡಿದ ರೀಪು ಧಾರಾಳವಾಗಿ ಬದಲಿಸಿ. ಹಂಚು ಸರಿ ಮಾಡುವವರು ಈಗ ಊರಿನಲ್ಲಿ ಕೆಲವರೇ ಇದ್ದಾರೆ, ಅವರಿಗೆ ಏಪ್ರಿಲ್‌ನಲ್ಲೇ ಹೇಳಿಡಿ. ಮೇ ಕೊನೆಗೆ, ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆ ಕಳೆದ ಮೇಲೆ ಫೋನ್ ಮಾಡಿದರೆ ಯಾರೂ ಸಿಗುವುದಿಲ್ಲ.